ಟ್ಯಾಂಕಲ್ಲಿರೋ ಮೀನಿಗೆ ಹುಷಾರಿಲ್ವಾ? ಪದೇ ಪದೇ ಕೇಳೋ ಪ್ರಶ್ನೆಗಳು

ಮನೇಲಿ ಮೀನು ಸಾಕ್ತೀನಿ ಅಂತ ಒಂದ್ಸಲ ಗೊತ್ತಾದ್ರೆ ಮುಗೀತು, ರಾತ್ರಿ ಹನ್ನೊಂದು ಗಂಟೆಗೆ ನೆಂಟರಿಂದ ಹಿಡಿದು ಆಫೀಸಿನ ಸೆಕ್ಯುರಿಟಿಯವ್ರ ತನಕ ಎಲ್ರೂ ಮಸುಕು ಮಸುಕಾಗಿರೋ ಒಂದು ಫೋಟೋ ವಾಟ್ಸಾಪ್ ಮಾಡಿ "ಇದಕ್ಕೇನಾಗಿದೆ ನೋಡಿ" ಅಂತಾರೆ. ಒಂದೇ ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿ ಎಲ್ಲಾ ಒಂದ್ಕಡೆ ಬರೆದಿಟ್ಟಿದೀನಿ. ನಾನು ಡಾಕ್ಟರ್ ಅಲ್ಲ, ಮೀನು ಸಾಕಿ, ಸುಮಾರು ಸಾಯಿಸಿ, ಆಮೇಲೆ ಕಲಿತೋನು. ಇದೆಲ್ಲಾ ಸಿಹಿನೀರಿನ ಮೀನಿಗೆ ಮಾತ್ರ, ಗೋಲ್ಡ್‌ಫಿಶ್, ಗಪ್ಪಿ, ಮೋಲಿ, ಫೈಟರ್, ಏಂಜಲ್, ಫ್ಲವರ್‌ಹಾರ್ನ್ ಇಂಥವಕ್ಕೆ. ಉಪ್ಪುನೀರಿನ ಟ್ಯಾಂಕ್ ಇಟ್ಟೋರು ನನ್ನ ಮಾತು ಕೇಳ್ಬೇಡಿ.

ಮೀನು ಮೂಲೆ ಹಿಡಿದು ನಿಂತ್ಬಿಟ್ಟಿದೆ, ತಿಂತಾನೂ ಇಲ್ಲ. ಮೊದ್ಲು ಯಾವ ಔಷಧಿ ಹಾಕ್ಲಿ?

ಯಾವ್ದೂ ಬೇಡ. ಬಾಟ್ಲಿ ಕೆಳಗಿಡಿ. ಇವತ್ತು ಊಟ ಹಾಕ್ಬೇಡಿ, ಒಂದು ಕುರ್ಚಿ ಎಳ್ಕೊಂಡು ಹತ್ತು ನಿಮಿಷ ಟ್ಯಾಂಕ್ ಮುಂದೆ ಕೂತ್ಕೊಂಡು ನೋಡಿ. ಒಂದೇ ಮೀನಿಗೆ ಹಿಂಗಾಗಿದೆಯಾ ಅಥವಾ ಎಲ್ಲವಕ್ಕೂನಾ? ಎಲ್ಲಾ ಒಟ್ಟಿಗೆ ಮೇಲೆ ಬಂದು ಬಾಯಿ ಬಡೀತಿದ್ರೆ ಅದು ಕಾಯಿಲೆ ಆಗಿರೋ ಚಾನ್ಸ್ ಕಮ್ಮಿ, ನೀರು ಕೆಟ್ಟಿದೆ ಇಲ್ಲಾ ಗಾಳಿ ಸಾಲ್ತಿಲ್ಲ. ಒಂದೇ ಒಂದು ಸೊರಗಿ ಉಳಿದವೆಲ್ಲಾ ಆರಾಮಾಗಿದ್ರೆ ಆವಾಗ ರೋಗದ ಕಡೆ ಯೋಚ್ನೆ ಮಾಡ್ಬೋದು. ಎರಡರಲ್ಲಿ ಯಾವ್ದೇ ಆದ್ರೂ ಮೊದಲ ಕೆಲ್ಸ ಒಂದೇ, ಕ್ಲೋರಿನ್ ತೆಗ್ದಿರೋ, ಟ್ಯಾಂಕಿನಷ್ಟೇ ಬಿಸಿ ಇರೋ ನೀರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಾಯ್ಸಿ, ಏರ್ ಪಂಪ್ ಆನ್ ಮಾಡಿ. ನಂಗೆ ಬರೋ ಫೋಟೋಗಳಲ್ಲಿ ಅರ್ಧಕ್ಕರ್ಧ ಕೇಸು ಇಷ್ಟಕ್ಕೇ ಸರಿಹೋಗುತ್ತೆ, ಅವ್ರು ಮಾತ್ರ ಆಮೇಲೆ ಹಾಕಿದ ನೀಲಿ ಔಷಧಿಯಿಂದ ಹುಷಾರಾಯ್ತು ಅಂದ್ಕೊಂಡಿರ್ತಾರೆ.

ನೀರು ಕನ್ನಡಿ ಥರ ಇದೆ, ಅದ್ರಲ್ಲಿ ಏನ್ ಪ್ರಾಬ್ಲಮ್ ಇರೋಕೆ ಸಾಧ್ಯ?

ಅಮೋನಿಯಾ ಕಣ್ಣಿಗೆ ಕಾಣಲ್ಲ. ಮೀನು ಕಿವಿರಿಂದ, ಹಿಕ್ಕೆಯಿಂದ ದಿನಾ ಅಮೋನಿಯಾ ಬಿಡುತ್ತೆ, ತಿನ್ನದೆ ಉಳಿದ ಕಾಳು ಕೊಳೆತ್ರೂ ಅದೇ ಬರುತ್ತೆ. ಫಿಲ್ಟರ್ ಸ್ಪಾಂಜಲ್ಲಿ ಇರೋ ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ಆ ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ. ಮೊದಲೆರಡೂ ವಿಷ, ಮೂರನೇದನ್ನ ಮೀನು ಸುಮಾರಾಗಿ ತಡ್ಕೊಳ್ಳುತ್ತೆ, ಅದನ್ನ ತೆಗ್ಯೋಕೇ ವಾರ ವಾರ ನೀರು ಬದಲಾಯ್ಸೋದು. ಇದ್ರ ಜೊತೆ ಇನ್ನೊಂದು ತಮಾಷೆ ಇದೆ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) 7 ಇದ್ದದ್ದು 8 ಆದ್ರೆ ಅಷ್ಟೇ ಅಮೋನಿಯಾದಲ್ಲಿ ವಿಷದ ಭಾಗ ಸುಮಾರು ಹತ್ತು ಪಟ್ಟು ಆಗ್ಬಿಡುತ್ತೆ. ನಮ್ಮ ಬೋರ್ ನೀರು ಎಷ್ಟೋ ಕಡೆ 8ರ ಹತ್ರಾನೇ ಇರೋದು. ಅದಕ್ಕೇ "ನಮ್ಮಣ್ಣನ ಮನೇಲಿ ಏನೂ ಆಗಲ್ಲ, ನಮ್ಮನೇಲೇ ಯಾಕೆ ಸಾಯ್ತವೆ" ಅನ್ನೋ ಪ್ರಶ್ನೆ. ಅಣ್ಣನ ಮನೆ ನೀರೇ ಬೇರೆ ಇರ್ಬೋದು. ಅಮೋನಿಯಾ, ನೈಟ್ರೈಟ್ ನೋಡೋ ಡ್ರಾಪ್ಸ್ ಟೆಸ್ಟ್ ಕಿಟ್ ಒಂದು ತಗೊಳ್ಳಿ, ಎರಡೂ ಸೊನ್ನೆ ಇರ್ಬೇಕು. ಕಿಟ್ ರೇಟು ಜಾಸ್ತಿ ಅನ್ಸುತ್ತೆ, ಸತ್ತ ಮೀನಿನ ದುಡ್ಡು ಲೆಕ್ಕ ಹಾಕಿದ್ರೆ ಅನ್ಸಲ್ಲ.

ಹೊಸ ಟ್ಯಾಂಕು, ಮೊದಲ ವಾರ ಚೆನ್ನಾಗಿದ್ವು, ಎರಡನೇ ವಾರದಿಂದ ದಿನಕ್ಕೊಂದು ಹೋಗ್ತಿದೆ?

ಮೇಲೆ ಹೇಳಿದ ಬ್ಯಾಕ್ಟೀರಿಯಾ ಬೆಳೆಯೋಕೆ 4ರಿಂದ 6 ವಾರ ಬೇಕು. ನೀವು ಟ್ಯಾಂಕ್ ತಂದ ದಿನವೇ ಹನ್ನೆರಡು ಮೀನು ಬಿಟ್ಟಿರ್ತೀರ, ಅಂಗಡಿಯೋನೂ ಬೇಡ ಅಂದಿರಲ್ಲ. ಈಗ ಮಾಡ್ಬೇಕಾಗಿರೋದು: ಊಟ ಎರಡು ದಿನಕ್ಕೊಂದ್ಸಲ ಚಿಟಿಕೆಯಷ್ಟು, ದಿನಾ ಕಾಲು ಭಾಗ ನೀರು ಬದಲಾವಣೆ, ಹೊಸ ಮೀನು ಒಂದೂ ಬೇಡ. ಫ್ರೆಂಡ್ ಮನೆ ಹಳೇ ಟ್ಯಾಂಕಲ್ಲಿ ರೋಗ ಇಲ್ಲ ಅಂತ ಗ್ಯಾರಂಟಿ ಇದ್ರೆ ಅವ್ರ ಫಿಲ್ಟರ್ ಸ್ಪಾಂಜ್ ಒಂದು ತುಂಡು ಬೇಡಿ ತನ್ನಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ ಕೆಲ್ಸ ಮಾಡುತ್ತೆ.

ನೈಟ್ರೈಟ್ ಜಾಸ್ತಿ ಆದಾಗ ಮೀನು ಗಾಳಿ ಇದ್ರೂ ಉಸಿರಾಡೋಕೆ ಒದ್ದಾಡುತ್ತೆ, ಕಿವಿರು ಕೆಂಪಿರೋ ಬದಲು ಕಂದು ಬಣ್ಣಕ್ಕೆ ತಿರುಗುತ್ತೆ, ಯಾಕಂದ್ರೆ ರಕ್ತಕ್ಕೆ ಆಕ್ಸಿಜನ್ ಹೊರೋಕೆ ಆಗಲ್ಲ. ಇದಕ್ಕೆ ಉಪ್ಪು ನಿಜವಾಗ್ಲೂ ಮದ್ದು. ಉಪ್ಪಲ್ಲಿರೋ ಕ್ಲೋರೈಡ್ ಕಿವಿರಿನ ಬಾಗಿಲಲ್ಲೇ ನೈಟ್ರೈಟನ್ನ ತಡೆಯುತ್ತೆ, ಹತ್ತು ಲೀಟರಿಗೆ ಒಂದೆರಡು ಗ್ರಾಂ ಹಾಕಿದ್ರೂ ವ್ಯತ್ಯಾಸ ಗೊತ್ತಾಗುತ್ತೆ.

ಭಾನುವಾರ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಕಲ್ಲು ಫಿಲ್ಟರ್ ಎಲ್ಲಾ ಉಜ್ಜಿ ತೊಳ್ದೆ, ಮಂಗಳವಾರ ಸತ್ತವು. ಇಷ್ಟು ಕ್ಲೀನಾಗಿ ಇಟ್ಕೊಂಡ್ರೂ?

ಇಷ್ಟು ಕ್ಲೀನ್ ಮಾಡಿದ್ದಕ್ಕೇ. ನಾನೂ ಇದೇ ಮಾಡಿದೀನಿ ಅದಕ್ಕೆ ಬೈಯಲ್ಲ. ಯುಗಾದಿಗೆ ಮನೆ ಎಲ್ಲಾ ತೊಳೀತಿದ್ವಿ, ಅದೇ ಜೋಷಲ್ಲಿ ಫಿಲ್ಟರ್ ಸ್ಪಾಂಜನ್ನ ನಲ್ಲಿ ಕೆಳಗೆ ಹಿಡಿದು ಹಿಂಡಿ ಹಿಂಡಿ ಬೆಳ್ಳಗೆ ಮಾಡಿದೆ, ಕಂದು ನೀರು ಹೋಗ್ತಾ ಇದ್ರೆ ಒಂಥರಾ ಖುಷಿ. ಆ ಕಂದು ಕೊಳೆಯೇ ನನ್ನ ಬ್ಯಾಕ್ಟೀರಿಯಾ ಅಂತ ಗೊತ್ತಿರಲಿಲ್ಲ. ಮೂರನೇ ದಿನ ಐದು ಮೋಲಿ ಮೇಲ್ಗಡೆ. ಸ್ಪಾಂಜ್ ತೊಳೆಯೋದಿದ್ರೆ ಟ್ಯಾಂಕಿಂದ ತೆಗೆದ ನೀರನ್ನ ಬಕೆಟ್‌ಗೆ ಹಾಕ್ಕೊಂಡು ಅದ್ರಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಿ, ಸಾಕು. ಪೂರ್ತಿ ಟ್ಯಾಂಕ್ ಖಾಲಿ ಮಾಡೋ ಅಭ್ಯಾಸ ಬಿಟ್ಬಿಡಿ.

ಕಾವೇರಿ ನೀರು, ಬೋರ್, ಟ್ಯಾಂಕರ್, ಆರ್‌ಒ, ಯಾವ್ದು ಒಳ್ಳೇದು?

ಯಾವ್ದಾದ್ರೂ ಪರ್ವಾಗಿಲ್ಲ, ಪದೇ ಪದೇ ಬದಲಾಯ್ಸದೇ ಇದ್ರೆ ಆಯ್ತು. ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ, ಅಗಲ ಬಾಯಿಯ ಬಕೆಟಲ್ಲಿ ಒಂದು ದಿನ ಬಿಟ್ರೆ ಹೋಗುತ್ತೆ, ಗುಳ್ಳೆ ಬಿಡೋ ಏರ್ ಸ್ಟೋನ್ ಹಾಕಿದ್ರೆ ಇನ್ನೂ ಬೇಗ, ಅರ್ಜೆಂಟ್ ಇದ್ರೆ ಆಂಟಿ ಕ್ಲೋರಿನ್ ಡ್ರಾಪ್ಸ್. ಟ್ಯಾಂಕರ್ ನೀರು ಲಾಟರಿ, ಬೇಸಿಗೇಲಿ ಒಂದು ಲೋಡ್ ಒಂದು ಊರಿನ ಬೋರಿಂದ ಬಂದ್ರೆ ಮುಂದಿನ ಲೋಡ್ ಇನ್ನೆಲ್ಲಿಂದನೋ, ಅದಕ್ಕೆ ಒಟ್ಟಿಗೇ ಜಾಸ್ತಿ ಬದಲಾಯ್ಸ್ಬೇಡಿ. ಬರೀ ಆರ್‌ಒ ನೀರು ಹಾಕೋದು ತಪ್ಪು, ಅದ್ರಲ್ಲಿ ಲವಣಾಂಶ ಇಲ್ಲ, ಪಿಎಚ್ ಯಾವಾಗ ಬೇಕಾದ್ರೂ ಕುಸಿಯುತ್ತೆ. ಬೋರ್ ನೀರಿಗೆ ಬೆರೆಸಿ ಹಾಕ್ಬೋದು.

ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ. ಔಷಧಿ ಹಾಕಿದ ಎರಡೇ ದಿನಕ್ಕೆ ಹೋಯ್ತು, ವಾರಕ್ಕೆ ಡಬಲ್ ಆಗಿ ವಾಪಸ್ ಬಂತು?

ಇದು ವೈಟ್ ಸ್ಪಾಟ್, ಎಲ್ರೂ ಇಕ್ ಅಂತಾರೆ. ಆ ಚುಕ್ಕಿ ಅಂದ್ರೆ ಮೀನಿನ ಚರ್ಮದ ಒಳಗೆ ಕೂತಿರೋ ಒಂದು ಜೀವಕೋಶದ ಪರಾವಲಂಬಿ. ಚರ್ಮದೊಳಗೆ ಇರೋ ತನಕ ಯಾವ ಔಷಧಿನೂ ಅದನ್ನ ಮುಟ್ಟಲ್ಲ. ಹೊಟ್ಟೆ ತುಂಬಿದ್ಮೇಲೆ ಅದೇ ಉದುರಿ ಕೆಳಗೆ ಕಲ್ಲು ಮಣ್ಣಿಗೆ ಅಂಟಿ, ಸುತ್ತ ಕೋಟೆ ಕಟ್ಕೊಂಡು ಒಳಗೊಳಗೇ ನೂರಾರು ಮರಿ ಆಗುತ್ತೆ, ಆ ಮರಿಗಳು ಹೊರಗೆ ಬಂದು ಮೀನು ಹುಡುಕ್ಕೊಂಡು ಈಜ್ತವಲ್ಲ, ಆ ಒಂದೆರಡು ದಿನ ಮಾತ್ರ ಔಷಧಿಗೆ ಸಿಗೋದು. ಅಂದ್ರೆ ಎರಡನೇ ದಿನ ಚುಕ್ಕಿ ಹೋಗಿದ್ದು ನಿಮ್ಮ ಔಷಧಿಯಿಂದ ಅಲ್ಲ, ಅವು ಮರಿ ಹಾಕೋಕೆ ಕೆಳಗೆ ಹೋಗಿದ್ವು. ನೀವು ಖುಷಿಯಾಗಿ ಔಷಧಿ ನಿಲ್ಸಿದ್ರಿ.

ಈ ಸುತ್ತು ಎಷ್ಟು ದಿನ ಅನ್ನೋದು ನೀರಿನ ಬಿಸಿ ಮೇಲೆ. 25-27 ಡಿಗ್ರೀಲಿ ಒಂದು ವಾರದೊಳಗೆ ಮುಗಿಯುತ್ತೆ, ತಣ್ಣಗಿದ್ರೆ ವಾರಗಟ್ಟಲೆ ಎಳೀತದೆ. ಬೆಂಗಳೂರು ಮೈಸೂರು ಕಡೆ ಡಿಸೆಂಬರ್ ಜನವರೀಲಿ ರಾತ್ರಿ ಚಳಿಗೆ ಹೀಟರ್ ಇಲ್ಲದ ಟ್ಯಾಂಕಿನ ನೀರು ತಣ್ಣಗಾಗಿ ಮೀನು ಸೊರಗೋದೂ ಇಕ್ ಬರೋದೂ ಒಟ್ಟೊಟ್ಟಿಗೆ. ಮಂಗಳೂರು ಕಡೆಯೋರಿಗೆ ಈ ಚಳಿ ಕಾಟ ಅಷ್ಟಿಲ್ಲ, ಪುಣ್ಯವಂತರು.

ನಾನು ಮಾಡೋದು: ಹೀಟರ್ ಹಾಕಿ ಒಂದೂವರೆ ಎರಡು ದಿನ ತಗೊಂಡು ನಿಧಾನಕ್ಕೆ 30 ಡಿಗ್ರಿಗೆ ತರೋದು, ಏರ್ ಪಂಪ್ ಫುಲ್ಲು ಬಿಡೋದು, ಯಾಕಂದ್ರೆ ಬಿಸಿ ನೀರಲ್ಲಿ ಆಕ್ಸಿಜನ್ ಕಮ್ಮಿ ನಿಲ್ಲುತ್ತೆ, 20 ಡಿಗ್ರೀಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯೋ ನೀರು 30ರಲ್ಲಿ ಏಳೂವರೆ ಹಿಡಿಯುತ್ತೆ ಅಷ್ಟೇ. ಜೊತೆಗೆ ಉಪ್ಪು, ಅಳತೆ ಕೆಳಗೆ ಇದೆ. ಚುಕ್ಕಿ ಹೋಗಿ ಒಂದು ವಾರ ಕಳೆಯೋ ತನಕ ನಿಲ್ಲಿಸ್ಬಾರ್ದು, ಒಟ್ಟು ಎರಡು ವಾರ ಅಂತ ಇಟ್ಕೊಳ್ಳಿ. ಗೋಲ್ಡ್‌ಫಿಶ್‌ಗೆ 30 ಡಿಗ್ರಿ ಹಿಂಸೆ, ಅವಕ್ಕೆ ಉಪ್ಪೇ ಸಾಕು, ಟೈಮ್ ಜಾಸ್ತಿ ಹಿಡಿಯುತ್ತೆ. ಕಲ್ಲಿನ ಸಂದಿಯ ಕಸ ಪೈಪಲ್ಲಿ ಎರಡು ದಿನಕ್ಕೊಂದ್ಸಲ ಎಳೀರಿ, ಅರ್ಧ ಶತ್ರು ಅಲ್ಲೇ ಇರೋದು.

ನಮ್ಮನೇಲಿ ಕರಿಯ ಅಂತ ಒಂದು ಬ್ಲ್ಯಾಕ್ ಮೋಲಿ ಇತ್ತು. ಅದ್ರ ಮೈ ಮಸಿ ಕಪ್ಪು, ಹಾಗಾಗಿ ಎಲ್ಲಕ್ಕಿಂತ ಮೊದ್ಲು ಅದ್ರ ಬಾಲದ ಮೇಲೇ ಚುಕ್ಕಿ ಕಾಣೋದು. ಟಾರ್ಚನ್ನ ಓರೆಯಾಗಿ ಹಿಡಿದು ನೋಡಿದ್ರೆ ಒಂದೊಂದೂ ಉಪ್ಪಿನ ಹರಳಷ್ಟು ಉಬ್ಬಿರೋದು ಗೊತ್ತಾಗ್ತಿತ್ತು, ಮೀನು ಹೋಗಿ ಕಲ್ಲಿಗೆ ಪಕ್ಕೆ ಉಜ್ಜಿ ಸರಕ್ಕನೆ ತಿರುಗೋದು. ಚುಕ್ಕಿ ಬದಲು ಗಂಧದ ಪುಡಿ ಎರಚಿದ ಹಾಗೆ ನುಣ್ಣಗೆ ಹಳದಿ ಚಿನ್ನದ ಬಣ್ಣ ಕಂಡ್ರೆ ಅದು ವೆಲ್ವೆಟ್, ಬೇರೆ ಕಾಯಿಲೆ, ಫೈಟರ್‌ಗಳಿಗೆ ಜಾಸ್ತಿ. ಅದಕ್ಕೆ ಲೈಟ್ ಆರಿಸಿ ಟ್ಯಾಂಕಿಗೆ ಬಟ್ಟೆ ಮುಚ್ಚೋದೂ ಚಿಕಿತ್ಸೆಯ ಒಂದು ಭಾಗ.

ಅಂದ ಹಾಗೆ ಗಂಡು ಗೋಲ್ಡ್‌ಫಿಶ್‌ಗೆ ಕಿವಿರು ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಲ್ಲಿ ಮಾತ್ರ ಸಾಲಾಗಿ ಬಿಳಿ ಚುಕ್ಕಿ ಬಂದಿದ್ರೆ ಅದು ರೋಗ ಅಲ್ಲ ಮಾರಾಯ್ರೆ, ಪ್ರಾಯ ಬಂದಿದೆ ಅಷ್ಟೇ.

ಉಪ್ಪು ಎಷ್ಟು ಹಾಕೋದು? ಅಡುಗೆ ಉಪ್ಪು ಆಗುತ್ತಾ?

ಕಲ್ಲುಪ್ಪು ತಗೊಳ್ಳಿ. ಪುಡಿ ಉಪ್ಪಲ್ಲಿರೋ ಅಯೋಡಿನ್ನಿಂದ ಮೀನು ಸಾಯುತ್ತೆ ಅನ್ನೋದು ಸುಳ್ಳು, ಅಷ್ಟು ಇರಲ್ಲ ಅದ್ರಲ್ಲಿ, ಕಲ್ಲುಪ್ಪು ಅಗ್ಗ ಅಂತ ಹೇಳಿದ್ದು. ಸಾಮಾನ್ಯ ಸುಸ್ತಿಗೆ ಲೀಟರಿಗೆ 1 ಗ್ರಾಂ, ಇಕ್‌ಗೆ ಲೀಟರಿಗೆ 2-3 ಗ್ರಾಂ, ಒಂದೇ ಸಲ ಸುರೀಬೇಡಿ, ಒಂದು ಮಗ್ಗಲ್ಲಿ ಕರಗಿಸಿ ಒಂದೂವರೆ ದಿನದಲ್ಲಿ ಮೂರು ಕಂತು ಮಾಡಿ.

ಲೀಟರ್ ಲೆಕ್ಕ ಎಲ್ರೂ ತಪ್ಪು ಮಾಡ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿ. ಎರಡು ಅಡಿ ಟ್ಯಾಂಕು 60×30×30 ಅಂದ್ರೆ 54 ಲೀಟರ್, ಕಲ್ಲು ಡೆಕೊರೇಶನ್ ಮೇಲಿನ ಖಾಲಿ ಜಾಗ ಕಳೆದ್ರೆ 45 ಸಿಗುತ್ತೆ. ಅಲ್ಲಿಗೆ ಲೀಟರಿಗೆ 1 ಗ್ರಾಂ ಅಂದ್ರೆ 45 ಗ್ರಾಂ ಉಪ್ಪು. ಚಮಚ ಲೆಕ್ಕ ಬೇಡ, ಕಲ್ಲುಪ್ಪಿನ ಗಾತ್ರ ಒಂದೊಂದು ಥರ, ಅಡುಗೆಮನೆ ತಕ್ಕಡೀಲಿ ತೂಗಿ. ಉಪ್ಪು ಆವಿ ಆಗಲ್ಲ, ನೀರು ಇಂಗಿ ಕಮ್ಮಿ ಆದಾಗ ಬರೀ ನೀರು ತುಂಬಿ, ಬದಲಾಯಿಸಿದಾಗ ತೆಗೆದ ನೀರಿಗೆ ಮಾತ್ರ ಲೆಕ್ಕ ಹಾಕಿ ಉಪ್ಪು ಸೇರಿಸಿ. ಗಿಡಗಳು, ಕೋರಿಡೋರಸ್, ಲೋಚ್ ಜಾತಿಯ ತಳದ ಮೀನು ಇದ್ರೆ ಜಾಸ್ತಿ ಉಪ್ಪು ತಡೆಯಲ್ಲ, ಕಾಯಿಲೆ ಮೀನನ್ನೇ ಬೇರೆ ಮಾಡಿ. ಇಂದುಪ್ಪು, ಮೆಗ್ನೀಸಿಯಂ ಇರೋ ಎಪ್ಸಮ್ ಸಾಲ್ಟು ಇವೆಲ್ಲಾ ಬೇರೆ ಬೇರೆ, ಕಲಸ್ಬೇಡಿ.

ರೆಕ್ಕೆ ಅಂಚು ಹರಿದು ಕರಗ್ತಾ ಇದೆ. ಬಾಯಿ ಹತ್ರ ಹತ್ತಿ ಥರ ಏನೋ ಇದೆ.

ಎರಡೂ ಬೇರೆ. ರೆಕ್ಕೆ ಕರಗೋದು ಫಿನ್ ರಾಟ್, ಹೆಚ್ಚಾಗಿ ಹಾಳು ನೀರು, ಇಲ್ಲಾ ಇನ್ನೊಂದು ಮೀನು ಕಚ್ಚಿ ಆದ ಗಾಯಕ್ಕೆ ಬ್ಯಾಕ್ಟೀರಿಯಾ ಹತ್ತಿದ್ದು. ಎರಡು ದಿನಕ್ಕೊಂದ್ಸಲ ನೀರು ಬದಲಾಯ್ಸಿ, ಉಪ್ಪು ಹಾಕಿ, ಕಚ್ಚೋ ರೌಡಿಯನ್ನ ಬೇರೆ ಮಾಡಿ, ವಾರದಲ್ಲಿ ಅಂಚಲ್ಲಿ ತೆಳ್ಳಗೆ ಪಾರದರ್ಶಕವಾಗಿ ಹೊಸ ರೆಕ್ಕೆ ಬಂದ್ರೆ ಗೆದ್ರಿ. ಹತ್ತಿ ಥರದ್ದು ಗಾಯದ ಮೇಲೆ ಉದ್ದ ಎಳೆ ಎಳೆಯಾಗಿ ಬಂದಿದ್ರೆ ಫಂಗಸ್, ಮೆಥಿಲೀನ್ ಬ್ಲೂ ಅನ್ನೋ ನೀಲಿ ಔಷಧಿಗೆ ಬಗ್ಗುತ್ತೆ. ಆದ್ರೆ ಬಾಯಿ ಸುತ್ತ ಗಿಡ್ಡಗೆ ಬೂದು ಬಿಳಿ, ಬೆನ್ನ ಮೇಲೆ ಜೀನು ಹಾಕಿದ ಹಾಗೆ ಮಾಸಲು ಪಟ್ಟಿ, ಮೀನು ದಿನದಿನಕ್ಕೆ ಇಳೀತಿದೆ ಅಂದ್ರೆ ಅದು ಕಾಲಮ್ನಾರಿಸ್ ಅನ್ನೋ ಬ್ಯಾಕ್ಟೀರಿಯಾ, ಬಿಸಿ ಮಾಡಿದಷ್ಟೂ ಜೋರಾಗುತ್ತೆ. ಇಕ್ ಅಂದ್ಕೊಂಡು ಹೀಟರ್ ಏರಿಸಿ ಎಷ್ಟೋ ಜನ ಇದ್ರಲ್ಲಿ ಮೀನು ಕಳ್ಕೊಂಡಿದಾರೆ.

ಗೋಲ್ಡ್‌ಫಿಶ್ ತಲೆಕೆಳಗಾಗಿ ತೇಲ್ತಿದೆ, ಆದ್ರೆ ಜೀವ ಇದೆ!

ಗುಂಡಗಿರೋ ಜಾತೀಲಿ ಇದು ಮಾಮೂಲು, ಒತ್ತಿ ತುಂಬಿದ ಗುಂಡು ಹೊಟ್ಟೇಲಿ ತೇಲೋಕೆ ಇರೋ ಗಾಳಿ ಚೀಲಕ್ಕೆ ಜಾಗ ಸಾಲಲ್ಲ, ಮೇಲಿಂದ ನೀವು ಜಾಸ್ತಿ ತಿನ್ನಿಸಿರ್ತೀರ. ಎರಡು ಮೂರು ದಿನ ಉಪವಾಸ. ಮೀನು ಉಪವಾಸಕ್ಕೆ ಸಾಯಲ್ಲ, ಅಜ್ಜಿ ಕೈಲಿ ಕಾಳು ಡಬ್ಬಿ ಸಿಗದ ಹಾಗೆ ಮಾಡಿ ಮೊದ್ಲು. ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿ ಕಿವುಚಿ ಸ್ವಲ್ಪ. ಇನ್ಮುಂದೆ ತೇಲೋ ಕಾಳು ಬಿಟ್ಟು ಮುಳುಗೋದು ಹಾಕಿ.

ಹೊಟ್ಟೆ ಊದಿ ಹುರುಪೆಗಳು ಅನಾನಸ್ ಸಿಪ್ಪೆ ಥರ ಎದ್ದು ನಿಂತಿವೆ?

ಡ್ರಾಪ್ಸಿ. ಒಳಗೆ ಕಿಡ್ನಿ ಕೈಕೊಟ್ಟಿರುತ್ತೆ, ನೀರು ತುಂಬ್ಕೊಂಡಿದೆ. ಹುರುಪೆ ನಿಂತ್ಮೇಲೆ ಉಳಿಯೋದು ತೀರಾ ಕಮ್ಮಿ, ಸುಮ್ನೆ ಆಸೆ ತೋರಿಸಲ್ಲ ನಾನು.

ಮೈಯಿಂದ ದಾರ ನೇತಾಡ್ತಿದೆ.

ಹಿಂದೆ ನೇತಾಡ್ತಿದ್ರೆ ಹಿಕ್ಕೆ. ಪಕ್ಕೆಯಿಂದ, ರೆಕ್ಕೆ ಬುಡದಿಂದ ಗಟ್ಟಿ ಕಡ್ಡಿ ಥರ ಹೊರಗೆ ಬಂದು ಸುತ್ತ ಕೆಂಪಾಗಿದ್ರೆ ಆ್ಯಂಕರ್ ವರ್ಮ್. ಹೆಸರಿಗೆ ಹುಳ, ಜಾತಿ ಲೆಕ್ಕದಲ್ಲಿ ಸಿಗಡಿಗೆ ದಾಯಾದಿ. ಗೋಲ್ಡ್‌ಫಿಶ್, ಕೋಯಿ ಜೊತೆ ಅಂಗಡಿಯಿಂದಲೇ ಮನೆಗೆ ಬರುತ್ತೆ. ಒದ್ದೆ ಬಟ್ಟೇಲಿ ಮೀನು ಹಿಡಿದು, ಚಿಮಟಾದಲ್ಲಿ ಬುಡಕ್ಕೇ ಹಿಡಿದು ನಿಧಾನ ಎಳೀರಿ, ಲಂಗರು ಥರದ ತಲೆ ಒಳಗೇ ಮುರೀಬಾರ್ದು. ಮರಿಗಳು ನೀರಲ್ಲಿ ಇನ್ನೂ ಇರ್ತವೆ, ಮೂರ್ನಾಲ್ಕು ವಾರ ಕಣ್ಣಿಟ್ಟಿರಿ.

ಫ್ಲವರ್‌ಹಾರ್ನ್ ತಲೇಲಿ ಸಣ್ಣ ತೂತು, ಬಿಳಿ ಹಿಕ್ಕೆ. ಮನೆಗೆ ಬರೋ ಕಷ್ಟನ ಮೀನು ತಗೊಳ್ತಿದೆ ಅಂತಾರೆ ನಮ್ಮತ್ತೆ.

ಅತ್ತೆ ಜೊತೆ ವಾದ ಮಾಡ್ಬೇಡಿ, ನೀರು ಬದಲಾಯ್ಸಿ. ವಾಸ್ತು ಅಂತ ತಂದು ಎರಡಡಿ ಟ್ಯಾಂಕಲ್ಲಿ ಒಂದಡಿ ಬೆಳೆಯೋ ಮೀನು ಇಟ್ರೆ ಕಷ್ಟ ತಗೊಳ್ಳೋದು ಅದೇ, ಆ ಮಟ್ಟಿಗೆ ಅವ್ರು ಹೇಳಿದ್ದು ನಿಜ. ಕರುಳಲ್ಲಿರೋ ಒಂದು ಪರಾವಲಂಬಿ, ಕೊಳಕು ನೀರು, ಒಂದೇ ಥರದ ಊಟ ಮೂರೂ ಸೇರಿ ಬರೋದಿದು. ಮೆಟ್ರೋನಿಡಜೋಲ್ ಅನ್ನೋ ಔಷಧಿ ಇದಕ್ಕೆ ಬಳಸ್ತಾರೆ, ಪ್ರಮಾಣ ತಿಳಿದೋರ ಹತ್ರ ಕೇಳಿ.

ಟೆಟ್ರಾಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ಒಡೆದು ಹಾಕಿ ಅಂತಾರೆ ಎಲ್ರೂ?

ಗೊತ್ತು, ಅಂಗಡೀಲಿ ಹೇಳೋ ಮೊದಲ ಮಾತೇ ಅದು. ಇಕ್‌ಗೆ, ಫಂಗಸ್‌ಗೆ, ಅಮೋನಿಯಾಗೆ ಅದು ಏನೂ ಮಾಡಲ್ಲ. ಬ್ಯಾಕ್ಟೀರಿಯಾ ಕಾಯಿಲೆಯೇ ಆದ್ರೂ ಗಡಸು ನೀರಲ್ಲಿರೋ ಕ್ಯಾಲ್ಸಿಯಂ ಜೊತೆ ಅಂಟ್ಕೊಂಡು ಔಷಧಿ ಅರ್ಧ ವೇಸ್ಟ್, ಬೋರ್ ನೀರಿನ ಊರಲ್ಲಿ ಅಂತೂ ಕೇಳೋದೇ ಬೇಡ. ಇದ್ರ ಮೇಲೆ ಫಿಲ್ಟರ್ ಬ್ಯಾಕ್ಟೀರಿಯಾಗೂ ಪೆಟ್ಟು, ಔಷಧಿ ಬಗ್ಗದ ರೋಗಾಣು ಬೆಳೆಸಿದ ಪಾಪ ಬೇರೆ.

ರಾತ್ರಿ ಚೆನ್ನಾಗಿದ್ವು, ಬೆಳಗ್ಗೆ ಎಲ್ಲಾ ಸತ್ತಿವೆ!

ರೋಗ ಇಷ್ಟು ಫಾಸ್ಟ್ ಇರೋದು ಅಪರೂಪ. ಜ್ಞಾಪಿಸ್ಕೊಳ್ಳಿ: ಅಪಾರ್ಟ್‌ಮೆಂಟಲ್ಲಿ ಪೆಸ್ಟ್ ಕಂಟ್ರೋಲ್ ಆಯ್ತಾ? ಜಿರಲೆ ಸ್ಪ್ರೇ ಹೊಡೆದ್ರಾ? ಸೊಳ್ಳೆ ಲಿಕ್ವಿಡ್ ಟ್ಯಾಂಕ್ ಪಕ್ಕದ ಪ್ಲಗ್ಗಲ್ಲೇ ಇದೆಯಾ? ಅವುಗಳಲ್ಲಿರೋ ಪೈರೆಥ್ರಾಯ್ಡ್ ಅನ್ನೋ ಕೀಟನಾಶಕ ಮೀನಿಗೆ ಕಡು ವಿಷ, ಏರ್ ಪಂಪ್ ರೂಮಿನ ಗಾಳೀನೇ ಎಳೆದು ನೀರಿಗೆ ಊದುತ್ತೆ. ಪೇಂಟಿಂಗು, ಸಾಂಬ್ರಾಣಿ ಹೊಗೆ ಎಲ್ಲಾ ಅದೇ ದಾರೀಲಿ ಒಳಗೆ ಹೋಗೋದು. ಇನ್ನೊಂದು ಕರೆಂಟು. ರಾತ್ರಿಯೆಲ್ಲಾ ಪವರ್ ಹೋಗಿ ಮೀನು ಜಾಸ್ತಿ ಇರೋ ಟ್ಯಾಂಕು ಆದ್ರೆ ಬೆಳಗಿನ ಜಾವಕ್ಕೆ ಆಕ್ಸಿಜನ್ ಖಾಲಿ. ಬ್ಯಾಟರಿ ಏರ್ ಪಂಪ್ ಒಂದು ಇಟ್ಕೊಳ್ಳಿ, ಇಲ್ದಿದ್ರೆ ಮಗ್ಗಲ್ಲಿ ನೀರು ಎತ್ತಿ ಎತ್ತಿ ಹುಯ್ಯಿರಿ.

ಕಾಯಿಲೆ ಮೀನನ್ನ ಬೇರೆ ಇಡ್ಬೇಕಾ?

ಇಕ್ ಆದ್ರೆ ಇಡೀ ಟ್ಯಾಂಕಿಗೇ ಚಿಕಿತ್ಸೆ. ಗಾಯ, ರೆಕ್ಕೆ, ಫಂಗಸ್ ಆದ್ರೆ 20 ಲೀಟರಿನ ಹೊಸ ಪ್ಲಾಸ್ಟಿಕ್ ಟಬ್ಬು, ಸೋಪು ಕಾಣದ್ದು, ಸ್ಪಾಂಜ್ ಫಿಲ್ಟರು, ತಳದಲ್ಲಿ ಕಲ್ಲು ಬೇಡ. ಮೆಥಿಲೀನ್ ಬ್ಲೂ ಅಂತೂ ಅಲ್ಲೇ ಹಾಕಿ, ಮೇನ್ ಟ್ಯಾಂಕಲ್ಲಿ ಹಾಕಿದ್ರೆ ಫಿಲ್ಟರ್ ಬ್ಯಾಕ್ಟೀರಿಯಾ ಹೋಗುತ್ತೆ, ಗಾಜಿನ ಮೂಲೆಯ ಸಿಲಿಕಾನ್ ಶಾಶ್ವತವಾಗಿ ನೀಲಿ ಆಗುತ್ತೆ. ನಮ್ಮದು ಇನ್ನೂ ನೀಲಿನೇ ಇದೆ. ಹೊಸ ಮೀನನ್ನೂ ಎರಡರಿಂದ ನಾಲ್ಕು ವಾರ ಇದೇ ಟಬ್ಬಲ್ಲಿ ಇಟ್ಟು ಆಮೇಲೆ ಬಿಡಿ, ಅಂಗಡಿ ಕವರಿನ ನೀರು ಟ್ಯಾಂಕಿಗೆ ಹುಯ್ಯಬೇಡಿ.

ಮೀನಿಗೆ ಡಾಕ್ಟರ್ ಸಿಗ್ತಾರಾ?

ನಾಯಿ ಬೆಕ್ಕಿನ ಕ್ಲಿನಿಕ್ಕಲ್ಲಿ ಮೀನು ನೋಡೋರು ಕಮ್ಮಿ. ಮೀನಿನ ರೋಗ ಓದಿದೋರು ಇರೋದು ಮೀನುಗಾರಿಕೆ ಸಂಸ್ಥೆಗಳಲ್ಲಿ, ಮಂಗಳೂರಲ್ಲಿ 1969ರಿಂದ ಇರೋ ಮೀನುಗಾರಿಕಾ ಕಾಲೇಜು, ಬೆಂಗಳೂರಿನ ಹತ್ರ ಹೆಸರಘಟ್ಟದಲ್ಲಿರೋ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರ. ಹೋಗೋ ಮೊದ್ಲು ಫೋನ್ ಮಾಡಿ. ಸತ್ತು ಅರ್ಧ ದಿನ ಆಗಿರೋ ಮೀನು ತಗೊಂಡು ಹೋದ್ರೆ ಏನೂ ಗೊತ್ತಾಗಲ್ಲ, ಜೀವ ಇರೋ ಕಾಯಿಲೆ ಮೀನು, ಬೇರೆ ಬಾಟ್ಲೀಲಿ ಟ್ಯಾಂಕಿನ ನೀರು, ಇಷ್ಟು ದಿನ ಏನೇನು ಸುರಿದಿದೀರ ಅನ್ನೋ ಚೀಟಿ, ಮೂರೂ ಬೇಕು.

ನಮಗೆ ಅಂಟುತ್ತಾ?

ಇಕ್, ಫಂಗಸ್ ಅಂಟಲ್ಲ. ಫಿಶ್ ಟಿಬಿ ಅಂತ ಒಂದಿದೆ, ಮೀನು ತಿಂದ್ರೂ ಬಡಕಲಾಗ್ತಾ ಬೆನ್ನು ಬಾಗುತ್ತೆ, ಅದ್ರ ರೋಗಾಣು ಕೈಯಲ್ಲಿ ಗಾಯ ಇದ್ರೆ ಚರ್ಮಕ್ಕೆ ಹತ್ತಿ ವಾಸಿಯಾಗದ ಗಂಟು ಆಗ್ಬೋದು. ಕೈ ಕುಯ್ದಿದ್ರೆ ಗ್ಲೌಸ್ ಹಾಕಿ. ಪೈಪನ್ನ ಬಾಯಲ್ಲಿ ಎಳೆದು ನೀರು ತೆಗ್ಯೋ ಅಭ್ಯಾಸ ಇದ್ರೆ ದಯವಿಟ್ಟು ಬಿಡಿ.

ಉಳಿಯಲ್ಲ ಅಂತ ಗೊತ್ತಾದ್ರೆ? ಸತ್ಮೇಲೆ?

ಜೀವ ಇರೋದನ್ನ ಕಮೋಡಿಗೆ ಹಾಕೋದು, ಫ್ರಿಡ್ಜಲ್ಲಿ ಇಡೋದು ಎರಡೂ ಕ್ರೂರ. ಲವಂಗದ ಎಣ್ಣೇನ ಉಗುರುಬೆಚ್ಚಗಿನ ನೀರಲ್ಲಿ ಹಾಕಿ ಬಾಟ್ಲೀಲಿ ಬೆಳ್ಳಗಾಗೋ ತನಕ ಕುಲುಕಿ, ಮೀನಿರೋ ಸಣ್ಣ ಪಾತ್ರೆಗೆ ಸ್ವಲ್ಪ ಸ್ವಲ್ಪ ಬೆರೆಸಿದ್ರೆ ಅದು ಮೊದ್ಲು ನಿದ್ದೆಗೆ ಜಾರುತ್ತೆ, ಆಮೇಲೆ ಇನ್ನಷ್ಟು ಹಾಕ್ಬೇಕು, ಕಿವಿರು ಆಡೋದು ನಿಂತ್ಮೇಲೂ ಕನಿಷ್ಠ ಹತ್ತು ನಿಮಿಷ ಬಿಡಿ. ಪಾಪ ಬದುಕ್ಕೊಳ್ಳಲಿ ಅಂತ ಕೆರೆಗೆ ಮಾತ್ರ ಬಿಡ್ಬೇಡಿ, ರೋಗ ಅಲ್ಲಿಗೂ ಹೋಗುತ್ತೆ, ಗ್ಲಾಸ್ ಕ್ಲೀನ್ ಮಾಡುತ್ತೆ ಅಂತ ತಂದು ಬೇಜಾರಾಗಿ ಬಿಟ್ಟ ಸಕ್ಕರ್ ಮೀನುಗಳು ಈಗಾಗ್ಲೇ ಸಾಲ್ದಾ ಕೆರೆಗಳಿಗೆ.

ಸತ್ತದ್ದನ್ನ ಕೂಡ್ಲೇ ತೆಗೀರಿ, ಉಳಿದವು ಕಚ್ಚಿ ತಿಂತವೆ, ರೋಗ ಹರಡೋ ದಾರಿ ಅದು. ಕರಿಯ ಇಕ್ ಗೆದ್ದು ಆಮೇಲೆ ಒಂದೂವರೆ ವರ್ಷ ಇದ್ದು ಒಂದಿನ ಬೆಳಗ್ಗೆ ಸುಮ್ನೆ ತಳದಲ್ಲಿ ಮಲಗಿತ್ತು. ಮಗಳು ದಾಸವಾಳದ ಬುಡದಲ್ಲಿ ಹೂಳೋಣ ಅಂದ್ಳು. ಮೇಲೆ ಮೇಲೆ ಮಣ್ಣು ಮುಚ್ಚಿದ್ದಕ್ಕೆ ಪಕ್ಕದ ಮನೆ ಬೆಕ್ಕು ಅದೇ ರಾತ್ರಿ ಕೆದಕ್ತು. ಒಂದಡಿ ಆಳ ತೋಡಿ, ಮೇಲೊಂದು ಚಪ್ಪಡಿ ಚೂರು ಇಡಿ.